ಗಾಳಿ ಬಿಟ್ಟುಕೊಟ್ಟ ಕಪ್ತಾನ

ಆ ಗುರುವಾರ ಸಂಜೆ ಬಂದರಿನ ತಂಡ ಸೆಮಿಫೈನಲ್ ಪಂದ್ಯವನ್ನು ಒಂದೇ ಒಂದು ಗೋಲಿನಿಂದ ಗೆದ್ದಿತು. ಗೆದ್ದು ಅರ್ಧ ಗಂಟೆ ಕಳೆಯುವುದರೊಳಗೆ ಅದರ ಕಪ್ತಾನನನ್ನು ತೆಗೆದುಹಾಕಬೇಕೆಂಬ ಮಾತು ಎದ್ದಿತು. ಮೈದಾನದಲ್ಲೂ, ಆ ಮಾತು ಎದ್ದಲ್ಲೂ ನಾನಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನ ಒಂದು ಕನ್ನಡ ಪತ್ರಿಕೆಗೆ ನಾನು ವರದಿಗಾರನಾಗಿ ಸೇರಿ ಎರಡು ವರ್ಷವಾಗಿತ್ತು. ಕೋರ್ಟು, ಪುರಸಭೆ, ಬಂದರಿಗೆ ಬಂದುಹೋಗುವ ಹಡಗುಗಳು, ಇವುಗಳ ಜೊತೆಗೆ ಫುಟ್‌ಬಾಲನ್ನೂ ನನಗೆ ಕೊಟ್ಟಿದ್ದರು. ಬಿಸಿಲಿನಲ್ಲಿ ನಿಲ್ಲಲು ಹಿರಿಯರಿಗೆ ಮನಸ್ಸಿರಲಿಲ್ಲ. ಒಂದು ಪಂದ್ಯಕ್ಕೆ ಆರು ಸಾಲು. ನಮ್ಮ ಉಪಸಂಪಾದಕರು ನನಗೆ ಕಲಿಸಿದ್ದು ಒಂದೇ ಪಾಠ: ಕಂಡದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ. ಅದನ್ನು ನಾನು ಹೆಚ್ಚು ಕಡಿಮೆ ಪಾಲಿಸಿಕೊಂಡು ಬಂದಿದ್ದೇನೆ.

ಮೈದಾನದ ಒಂದು ಗೋಲು ಪಡುವಣಕ್ಕೆ, ಸಮುದ್ರದ ಕಡೆಗಿತ್ತು, ಇನ್ನೊಂದು ಮೂಡಣಕ್ಕೆ. ಮಳೆಗಾಲ ಮುಗಿದ ಮೇಲೆ ಮಧ್ಯಾಹ್ನ ಕಳೆಯುತ್ತಿದ್ದಂತೆ ಸಮುದ್ರದಿಂದ ಗಾಳಿ ಏಳುತ್ತದೆ. ನಾಲ್ಕು, ನಾಲ್ಕೂವರೆಗೆ ಅದರ ಜೋರು ಹೆಚ್ಚು. ಹೊತ್ತು ಮುಳುಗುವಾಗ ಅದು ಬಿದ್ದುಹೋಗುತ್ತದೆ. ಆದ್ದರಿಂದ ಟಾಸ್ ಗೆದ್ದ ಕಪ್ತಾನರು ಕಣ್ಣು ಮುಚ್ಚಿಕೊಂಡು ಮೊದಲರ್ಧಕ್ಕೆ ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳುತ್ತಿದ್ದರು. ಎದುರಾಳಿಗೆ ಎರಡನೇ ಅರ್ಧದಲ್ಲಿ ಗಾಳಿಯೇ ಸಿಗುತ್ತಿರಲಿಲ್ಲ.

ಬಂದರಿನ ಕಪ್ತಾನ ದೋಣಿಯ ತಂಡೇಲ. ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದ ದಿನಗಳವು. ಅಲ್ಲಿಯ ತನಕ ಹಂಚು, ಕಾಫಿ ಮೂಟೆ ಒಯ್ಯುವ ದೋಣಿಯನ್ನು ನಡೆಸುವವನು ಅವನು. ಮೂವತ್ತನಾಲ್ಕು ದಾಟಿದ ಬ್ಯಾರಿ ಮುಸಲ್ಮಾನ, ಬರಿಗಾಲಿನ ಆಟಗಾರ, ಮಾತು ಕಡಿಮೆ. ಅಳಿವೆಯ ಬಾಯಲ್ಲಿ ದಿನಕ್ಕೆ ಎರಡು ಬಾರಿ ಗಾಳಿಯನ್ನು ನಂಬಿ ಬದುಕುವ ಮನುಷ್ಯ. ಅಂಥವನು ಆ ದಿನ ಟಾಸ್ ಗೆದ್ದ. ಗೆದ್ದು, ಗಾಳಿಯನ್ನು ಎದುರಾಳಿಗೆ ಬಿಟ್ಟುಕೊಟ್ಟ.

ಪ್ರೇಕ್ಷಕರ ಗುಂಪು ಕೂಗತೊಡಗಿತು. ನಾನು ಮೂಡಣದ ಗೋಲಿನ ಹಿಂದೆ ನಿಂತು, ಟಾಸ್ ಯಾರದು, ಯಾವ ತುದಿ ಎಂದು ಬರೆದುಕೊಂಡೆ. ಬಂದರಿನ ಗೋಲ್‌ಕೀಪರ್ ಆ ತುದಿಗೆ ಬಂದು ನಿಂತ. ಅವನು ಬೋಳಾರದ ಕಡೆಯ ತುಳುವ, ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಬೆಂಕಿ ಹಾಕುವ ಕೆಲಸ. ಭಟ್ಟಿಯ ಕಿಂಡಿಯಲ್ಲಿ ಇಣುಕಿ, ಬೆಂಕಿಯ ಬಣ್ಣ ನೋಡಿ, ಹಂಚು ಬೆಂದಿದೆಯೋ ಇಲ್ಲವೋ ಎಂದು ಹೇಳುವವನು. ಹತ್ತು ವರ್ಷದಿಂದ ಅದೇ ಕೆಲಸ.

ಕಪ್ತಾನ ಅವನ ಬಳಿಗೆ ಬಂದು ತನ್ನ ತಲೆಯ ವಸ್ತ್ರವನ್ನು ಬಿಚ್ಚಿ ಕೊಟ್ಟ. ಅದು ಒದ್ದೆಯಾಗಿತ್ತು.

"ಒರಸ್ತಾ ಇರು," ಎಂದ. "ಈಗ ಸೂರ್ಯ ಮೇಲೆ ಉಂಟು, ಅಷ್ಟು ಚುಚ್ಚುದಿಲ್ಲ. ಅರ್ಧ ಆಟ ತಡೆದುಕೋ. ಮತ್ತೆ ಆ ತುದಿಗೆ ಹೋದರೆ ಬಿಸಿಲು ನಿನ್ನ ಬೆನ್ನಿಗೆ."

"ಗಾಳಿ ಕೊಟ್ಟೆಯಲ್ಲ, ಜನ ನಿನ್ನನ್ನು ಬಿಡುದಿಲ್ಲ."

"ಬಿಡದಿದ್ದರೆ ಹಿಡ್ಕೊಳ್ಳಲಿ. ನೀನು ಚೆಂಡು ಹಿಡಿ."

ಅವರು ಮಾತಾಡಿದ್ದು ತುಳುವಿನಲ್ಲಿ. ನನ್ನನ್ನು ನೋಡಿದರೂ ನೋಡದಂತೆ ಕಪ್ತಾನ ತನ್ನ ಜಾಗಕ್ಕೆ ಓಡಿದ. ಮೊದಲರ್ಧದ ಮೂವತ್ತೈದು ನಿಮಿಷವೂ ನಾನು ಗೋಲ್‌ಕೀಪರನ ಮುಖ ನೋಡುತ್ತಿದ್ದೆ. ಪಡುವಣದ ಬೆಳಕು ನೇರ ಬಿದ್ದಾಗ ಅವನ ಎರಡು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಚೆಂಡು ಕಾಲಿನಿಂದ ಹೊರಟ ಸದ್ದಿಗೆ ಅವನ ಮೈ ಮೊದಲು ತಿರುಗುತ್ತಿತ್ತು, ಕಣ್ಣು ಆಮೇಲೆ. ಗಾಳಿ ಹೊತ್ತುತಂದ ಚೆಂಡುಗಳನ್ನು ಅವನು ಎದೆಯಿಂದ, ಮೊಣಕಾಲಿನಿಂದ, ಒಮ್ಮೆ ಮುಖದಿಂದಲೇ ತಡೆದ. ಇನ್ನು ಅರ್ಧ ಗಂಟೆ ಕಳೆದು ಸೂರ್ಯ ಕೆಳಗಿಳಿದಿದ್ದರೆ ಆ ತುದಿಯಲ್ಲಿ ಅವನು ಏನನ್ನೂ ಕಾಣುತ್ತಿರಲಿಲ್ಲ.

ಎರಡನೇ ಅರ್ಧಕ್ಕೆ ಗಾಳಿ ಬಿತ್ತು. ಆಟ ಮುಗಿಯಲು ಆರು ನಿಮಿಷವಿದ್ದಾಗ ಬಂದರಿನ ಎಡಗಡೆಯವನು ನೆಲದ ಮೇಲೇ ತಳ್ಳಿದ ಚೆಂಡು ಗೋಲಿನೊಳಗೆ ಹೋಯಿತು. ಅಷ್ಟೆ.

ಪಂದ್ಯದ ನಂತರ ಎಲ್ಲರೂ ಸೇರುತ್ತಿದ್ದದ್ದು ಗೋದಾಮುಗಳ ಹಿಂದಿನ ಒಂದು ಚಹಾದ ಅಂಗಡಿಯಲ್ಲಿ. ಅಲ್ಲಿ ಒಂದು ಕಟ್ಟಳೆಯಿತ್ತು. ಆಡಿದವರು ಒಳಗಿನ ಬೆಂಚಿನಲ್ಲಿ ಕೂತು ಚಹಾ ಕುಡಿಯಬೇಕು, ಮಾತಾಡಬಾರದು. ನೋಡಿದವರು ಮಾತಾಡಬೇಕು. ಆಡುವವರದು ಮೈದಾನದಲ್ಲಿ ಮುಗಿಯಿತು, ಇನ್ನು ನಮ್ಮದು ಎಂಬುದು ಅದರ ಹಿಂದಿನ ನ್ಯಾಯ. ಯಾರು ಹೊರಗೆ ಕೂರಬೇಕು, ಯಾರು ಕಪ್ತಾನ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಕೊನೆಯ ಮಾತು ಕೊಬ್ಬರಿ ವ್ಯಾಪಾರದ ಒಬ್ಬ ಹಾಜಿಯವರದು. ಅವರು ತಂಡದ ಹಿರಿಯರು. ಮೊದಲ ಮಾತು ಯಾವಾಗಲೂ ದರ್ಜಿಯದು. ಆಟಗಾರರ ಅಂಗಿಗಳನ್ನು ಹೊಲಿಯುವವನು ಅವನಾದ್ದರಿಂದ ತಂಡವೇ ತನ್ನದೆಂದು ಅವನ ಎಣಿಕೆ.

ದರ್ಜಿ ಮೇಜಿನ ಮೇಲೆ ಗ್ಲಾಸುಗಳನ್ನು ಜೋಡಿಸಿದ. "ನೋಡಿ, ಇದು ಸಮುದ್ರ. ಗಾಳಿ ಇಲ್ಲಿಂದ ಹೀಗೆ. ನಾಲ್ಕೂವರೆಗೆ ಯಾವ ಗಾಳಿ! ನನ್ನ ತಲೆಯ ಟೊಪ್ಪಿ ಹಾರಿ ಹೋಗಿ ಪೊಲೀಸನ ಕಾಲಿಗೆ ಬಿತ್ತು. ಆ ಗಾಳಿ ನಮ್ಮ ಬೆನ್ನಿಗೆ ಇದ್ದಿದ್ದರೆ ಮೂರು ಗೋಲು. ಮೂರು ಬೇಡ, ಎರಡು ಹೇಳಿ."

"ನಿನ್ನ ಟೊಪ್ಪಿಯೇ ಒಂದು ಗೋಲು ಹಾಕ್ತಿತ್ತು ಮಾರಾಯ," ಎಂದು ಯಾರೋ ಅಂದರು.

"ನಗಾಡಬೇಡಿ. ದೋಣಿ ನಡೆಸುವವನಿಗೆ ಗಾಳಿ ಗೊತ್ತಿಲ್ಲ ಅಂದರೆ ಎಂತ ಅರ್ಥ? ನಾಳೆ ನಾನು ಸೂಜಿ ಯಾವ ಕಡೆಯಿಂದ ಪೋಣಿಸುದು ಅಂತ ಕೇಳಿದ ಹಾಗೆ."

ನಗು ನಿಂತಿತು. ಅದು ಪೆಟ್ಟಿನ ಮಾತು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ದೋಣಿಯವರು, ಮೂಟೆ ಹೊರುವವರು, ಹಾಯಿ ಹೊಲಿಯುವವರು. ಒಬ್ಬೊಬ್ಬನೂ ಗಾಳಿಯ ಲೆಕ್ಕವನ್ನೇ ಮತ್ತೆ ಮತ್ತೆ ಹಾಕಿದ. ಆರಂಭದಲ್ಲಿ ಗಾಳಿ ಎಷ್ಟಿತ್ತು, ಯಾವಾಗ ತಿರುಗಿತು, ಯಾವಾಗ ಬಿತ್ತು. ಯಾರ ಲೆಕ್ಕವೂ ತಪ್ಪಿರಲಿಲ್ಲ. ಹುಟ್ಟಿದಂದಿನಿಂದ ಗಾಳಿಯನ್ನೇ ನೋಡಿ ಹೊತ್ತು ಹೇಳುವ ಆ ಜನರಲ್ಲಿ ಒಬ್ಬನೂ ಸೂರ್ಯನ ಕಡೆ ತಲೆ ಎತ್ತಿರಲಿಲ್ಲ.

ಹಾಜಿಯವರು ಕೊನೆಗೆ ಗಡ್ಡ ಸವರಿಕೊಂಡರು. "ಪ್ರಾಯ ಎಲ್ಲರಿಗೂ ಆಗ್ತದೆ. ತಂಡೇಲ ಆಡಲಿ. ಆದರೆ ಭಾನುವಾರದ ಫೈನಲಿಗೆ ಟಾಸಿಗೆ ಬೇರೆ ಯಾರಾದರೂ ಹೋಗಲಿ."

ಹತ್ತು ವರ್ಷದ ಕಪ್ತಾನಗಿರಿ ಹಾಗೆ ಇಳಿಯುತ್ತಿತ್ತು. ಕಪ್ತಾನ ಒಳಗಿನ ಬೆಂಚಿನಲ್ಲಿ ಗ್ಲಾಸಿನ ತಳ ನೋಡುತ್ತಿದ್ದ. ಕಟ್ಟಳೆ ಇಲ್ಲದಿದ್ದರೂ ಅವನು ಬಾಯಿ ಬಿಡುತ್ತಿರಲಿಲ್ಲ ಎಂದು ನನಗೆ ಅನಿಸಿತು. ಕಣ್ಣು ಕೆಟ್ಟವನನ್ನು ಭಟ್ಟಿಯ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಮಾತು ಚಹಾದ ಅಂಗಡಿಯಿಂದ ಕಾರ್ಖಾನೆಗೆ ಹೋಗಲು ಒಂದು ದಿನ ಸಾಕು.

ದರ್ಜಿ ನನ್ನ ಕಡೆ ತಿರುಗಿದ. "ಪೇಪರಿನವರೇ, ನೀವು ಎಂತ ಬರೀತೀರಿ?"

"ಟಾಸ್ ಗೆದ್ದು ಗಾಳಿಗೆ ಎದುರಾಗಿ ಆಡಿದರು, ಒಂದು ಗೋಲಿನಿಂದ ಗೆದ್ದರು."

"ಯಾಕೆ ಎದುರಾಗಿ ಆಡಿದರು ಅಂತ ಬರೆಯುದಿಲ್ಲವಾ?"

"ಆರೇ ಸಾಲು. ಯಾಕೆ ಅನ್ನುದಕ್ಕೆ ಜಾಗ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೋಲಿನ ಹಿಂದೆ ನನ್ನ ಕಿವಿಗೆ ಬಿದ್ದ ಒಂದು ವಾಕ್ಯ ಕಪ್ತಾನನನ್ನು ಉಳಿಸುತ್ತಿತ್ತು. ಅದೇ ವಾಕ್ಯ ಇನ್ನೊಬ್ಬನ ಅನ್ನ ಕಳೆಯುತ್ತಿತ್ತು. ಹೇಳುವುದು ನನ್ನ ಹಕ್ಕಲ್ಲ ಎಂದುಕೊಂಡು ಸುಮ್ಮನಾದೆ. ಅದು ವಿವೇಕವೋ ಪುಕ್ಕಲುತನವೋ, ಈಗಲೂ ಖಚಿತವಾಗಿ ಹೇಳಲಾರೆ.

ಬೆಂಚು ಕಿರ್ರೆಂದಿತು. ಗೋಲ್‌ಕೀಪರ್ ಎದ್ದು ನಿಂತಿದ್ದ.

"ಗೋಲಿ, ಕೂತ್ಕೋ," ಎಂದ ದರ್ಜಿ. "ಆಡಿದವರು ಮಾತಾಡುದುಂಟಾ?"

"ಇವತ್ತು ಮಾತಾಡ್ತೇನೆ. ಹಾಜಿಯವರೇ, ಅವನು ಗಾಳಿ ಬಿಟ್ಟದ್ದು ನನಗೋಸ್ಕರ. ಬಿಸಿಲಿಗೆ ನನಗೆ ಕಣ್ಣು ಕಾಣುದಿಲ್ಲ. ಭಟ್ಟಿ ನೋಡಿ ನೋಡಿ ಹಾಗಾಯಿತು. ಹೊತ್ತು ಇಳಿಯುವಾಗ ನಾನು ಮೂಡುಗಡೆ ನಿಂತರೆ ಚೆಂಡು ಎಲ್ಲಿ, ಕಾಗೆ ಎಲ್ಲಿ ಅಂತ ಗೊತ್ತಾಗುದಿಲ್ಲ. ನೀವೆಲ್ಲ ಗಾಳಿ, ಗಾಳಿ ಅಂತೀರಿ."

ಮೊದಲು ಸಿಟ್ಟಾದವನು ಕಪ್ತಾನ.

"ನಿನ್ನತ್ರ ಯಾರು ಕೇಳಿದ್ದು?"

"ಯಾರೂ ಕೇಳಲಿಲ್ಲ."

"ಮತ್ತೆ ಎಂತಕ್ಕೆ ಬೊಗಳಿದ್ದು? ಕೆಲಸ ಹೋದರೆ ಮನೆಯಲ್ಲಿ ಎಂತ ಬೇಯಿಸ್ತೀ, ಹಂಚಾ?"

"ನಿನ್ನ ಕಪ್ತಾನಗಿರಿ ತಿಂದು ನನಗೆ ಊಟ ಇಳಿಯುದಿಲ್ಲ ಮಾರಾಯ. ಫೈನಲಿಗೆ ಬೇರೆಯವರನ್ನು ನಿಲ್ಲಿಸಿ."

ಬೇರೆಯವನು ಯಾರಿದ್ದ? ಬದಲಿ ಗೋಲ್‌ಕೀಪರ್ ಎಂದರೆ ಉಪ್ಪಿನ ಗೋದಾಮಿನ ಒಬ್ಬ ಗುಮಾಸ್ತ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುವವನು. ಅವನು ಅಲ್ಲೇ ಕೂತಿದ್ದ. "ನನ್ನ ಕಣ್ಣು ಸರಿ ಉಂಟು, ಆದರೆ ಅದನ್ನು ತೆರೆಯುದೇ ಕಷ್ಟ," ಎಂದು ಅವನೇ ಹೇಳಿದ. ಆ ಮಾತಿಗೆ ಗುಂಪು ಉಸಿರು ಬಿಟ್ಟಿತು.

ಹಾಜಿಯವರು ಕೂತ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದರು.

"ಈ ಮಾತು ಈ ಬಾಗಿಲು ದಾಟಬಾರದು. ದಾಟಿದರೆ ಯಾರಿಂದ ದಾಟಿತು ಅಂತ ನನಗೆ ಗೊತ್ತಾಗ್ತದೆ." ಕೊನೆಗೆ ಅವರ ಕಣ್ಣು ನನ್ನ ಮೇಲೆ ನಿಂತಿತು. "ಪೇಪರಿನವರಿಗೂ ಸೇರಿಸಿ ಹೇಳಿದ್ದು."

ನಾನು ತಲೆಯಾಡಿಸಿದೆ.

"ತಂಡೇಲನೇ ಕಪ್ತಾನ. ಗೋಲಿಗೆ ಈ ಭಟ್ಟಿಯವನೇ," ಎಂದರು. "ಟಾಸ್ ನಮ್ಮ ಕೈಯಲ್ಲಿಲ್ಲ. ಗಾಳಿಯೂ ಇಲ್ಲ. ಹೊತ್ತು ಮಾತ್ರ ನೋಡುವ."

ಹೊತ್ತನ್ನು ಅವರು ಹೇಗೆ ನೋಡಿದರೆಂಬುದು ಮರುದಿನ ನಮ್ಮ ಕಚೇರಿಗೆ ಬಂದ ಪ್ರಕಟಣೆಯಿಂದ ತಿಳಿಯಿತು. ಫೈನಲ್ ಸಮಬಲವಾದರೆ ಹೆಚ್ಚುವರಿ ಆಟ ಆಡಿಸಬೇಕಾಗುತ್ತದೆ, ಆಗ ಮುಸ್ಲಿಂ ಆಟಗಾರರಿಗೂ ಪ್ರೇಕ್ಷಕರಿಗೂ ಸಂಜೆಯ ನಮಾಜು ತಪ್ಪುತ್ತದೆ, ಆದ್ದರಿಂದ ಬಂದರಿನ ತಂಡದ ಹಿರಿಯರ ವಿನಂತಿಯ ಮೇರೆಗೆ ಪಂದ್ಯ ನಾಲ್ಕೂವರೆಯ ಬದಲು ನಾಲ್ಕು ಗಂಟೆಗೆ ಸರಿಯಾಗಿ ಆರಂಭವಾಗುವುದು. ಎದುರು ತಂಡದವರಿಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣಲಿಲ್ಲ. ಉಪಸಂಪಾದಕರು ಓದಿ, "ಹಾಜಿಯವರದ್ದು ಸರಿಯಾದ ಮಾತೇ," ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಅಕ್ಷರ ಬದಲಿಸದೆ ಬರೆದು ಅಚ್ಚಿಗೆ ಕಳಿಸಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಭಾನುವಾರ ಕಪ್ತಾನ ಟಾಸ್ ಸೋತ. ಎದುರಿನವರು ಗಾಳಿಯನ್ನು ತಾವೇ ಬೇಡವೆನ್ನುತ್ತಾರೆಯೇ? ಅವರು ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡರು. ಹಾಗಾಗಿ ನಮ್ಮ ಗೋಲ್‌ಕೀಪರ್ ಬಿಸಿಲಿಗೆ ಎದುರಾಗಿ ನಿಂತದ್ದು ಮೊದಲರ್ಧದಲ್ಲೇ, ಸೂರ್ಯ ಇನ್ನೂ ಮೇಲಿದ್ದಾಗ. ಆ ಅರ್ಧದಲ್ಲಿ ಅವನು ಒಂದನ್ನೂ ಬಿಡಲಿಲ್ಲ. ಬಿಟ್ಟದ್ದು ಎರಡನೇ ಅರ್ಧದಲ್ಲಿ, ಬಿಸಿಲು ಬೆನ್ನಿಗಿದ್ದಾಗ, ಬಲಗಡೆಯ ಬ್ಯಾಕ್ ಜಾರಿಬಿದ್ದು ದಾರಿ ತೆರವಾದಾಗ. ಅದೊಂದೇ ಗೋಲಿನಿಂದ ಬಂದರಿನವರು ಸೋತರು.

ಆ ಸಂಜೆ ಚಹಾದ ಅಂಗಡಿಯಲ್ಲಿ ಎಲ್ಲರೂ ಬಲಗಡೆಯ ಬ್ಯಾಕಿನ ಮೇಲೆ ಬಿದ್ದರು. ದರ್ಜಿ ಅವನ ಕಾಲಿನ ಉಗುರಿನಿಂದ ಹಿಡಿದು ತಲೆಗೂದಲಿನ ತನಕ ತಪ್ಪು ಹುಡುಕಿದ. ಕಟ್ಟಳೆಯಂತೆ ಆಡಿದವರು ಯಾರೂ ಮಾತಾಡಲಿಲ್ಲ. ಒಳಗಿನ ಬೆಂಚಿನಲ್ಲಿ ಕಪ್ತಾನ ತನ್ನ ಗ್ಲಾಸಿನ ಅರ್ಧ ಚಹಾವನ್ನು ಗೋಲ್‌ಕೀಪರನ ಗ್ಲಾಸಿಗೆ ಹುಯ್ದ. ಅವನು ಬೇಡವೆಂದು ಕೈ ಅಡ್ಡ ಹಿಡಿದ. ಕಪ್ತಾನ ಕೈಯನ್ನು ಸರಿಸಿ ಪೂರ್ತಿ ಹುಯ್ದ. ಇಬ್ಬರೂ ಆ ಬೆಂಚಿನಲ್ಲಿ ಇನ್ನೂ ಎರಡು ವರ್ಷ ಕೂತರು. ಆಮೇಲೆ ಹಾಜಿಯವರ ಕೊಬ್ಬರಿ ಗೋದಾಮಿನಲ್ಲಿ, ನೆರಳಿನಲ್ಲಿ ಮಾಡುವಂಥ ಒಂದು ಕೆಲಸ ಖಾಲಿಯಾಯಿತು. ಗೋಲ್‌ಕೀಪರ್ ಭಟ್ಟಿಯನ್ನು ಬಿಟ್ಟು ಅಲ್ಲಿಗೆ ಸೇರಿದ. ಏಕೆ ಬಿಟ್ಟನೆಂದು ಬಂದರಿನಲ್ಲಿ ಯಾರೂ ಅವನನ್ನು ಕೇಳಲಿಲ್ಲ.