ಪೋದು ಬಲ

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುವ ಬದಲು, ಪ್ರತಿ ಶನಿವಾರ ಮೂಡುಬಿದಿರೆಯಿಂದ ಬಸ್ಸು ಹಿಡಿದು ಜೈಲಿಗೆ ಹೋಗಿ ಕೈದಿಗಳಿಗೆ ತಾಳಮದ್ದಳೆ ಕಲಿಸುತ್ತಿದ್ದೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡುವ ಪದ್ಯ ಮುಗಿದೊಡನೆ ಕೂತಲ್ಲೇ ಮಾತು ಕಟ್ಟಿ ಅರ್ಥ ಹೇಳಬೇಕು. ಗೇಟಿನಲ್ಲಿ ಮದ್ದಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಬಿಡುತ್ತಿದ್ದರು.

ನನ್ನ ತರಗತಿಯಲ್ಲಿ ಪುಂಜಾಲಕಟ್ಟೆಯ ಟೆಂಪೊ ಡ್ರೈವರ್ ಒಬ್ಬನಿದ್ದ, ವಿಚಾರಣಾಧೀನ ಕೈದಿ. ಅವನು ಅರ್ಥ ಹೇಳಲು ಬಾಯಿ ತೆರೆದರೆ ಕಾವಲಿನವರೂ ಕೇಳಲು ಬಂದು ನಿಲ್ಲುತ್ತಿದ್ದರು. ಒಮ್ಮೆ ಜಾಮೀನು ಸಿಕ್ಕಿ ಹೋಗಿದ್ದ. ಕೋರ್ಟಿಗೆ ಹಾಜರಾಗದೆ ಜಾಮೀನು ರದ್ದಾಗಿ ಮತ್ತೆ ಒಳಗೆ ಬಂದಿದ್ದ. ಈಗ ಎರಡನೇ ಜಾಮೀನು. ಅದೂ ಜೈಲಿನಲ್ಲಿ ನಮ್ಮ ಮೊದಲ ತಾಳಮದ್ದಳೆ ಕೂಟಕ್ಕೆ ಎಂಟೇ ದಿನ ಇರುವಾಗ! ಮುಖ್ಯ ಪಾತ್ರದ ಅರ್ಥ ಅವನದ್ದೇ. ನನಗೆ ಒಳಗೊಳಗೇ ಸಿಟ್ಟು.

ಚೀಲ ಹಿಡಿದು ಕಾಲು ಮುಟ್ಟಲು ಬಂದವನಿಗೆ ತುಳುವಿನಲ್ಲಿ, "ಪೋದು ಬಲ ಮಗಾ," ಹೋಗಿ ಬಾ, ಅಂದೆ. ಅವನ ಮುಖ ಬಿಳುಚಿತು.

"ಸರ್, ಹಾಗೆ ಹೇಳ್ಬೇಡಿ. ಕಳೆದ ಸಲವೂ ನೀವು ಹಾಗೇ ಹೇಳಿದ್ದು."

ನಾನು ದಂಗಾದೆ. ನಮ್ಮಲ್ಲಿ ಹೊರಡುವವನಿಗೆ ಬರೀ 'ಹೋಗು' ಅನ್ನುವುದುಂಟೇ? ಅದು ನಾಯಿಯನ್ನು ಅಟ್ಟುವ ಮಾತು. ಹೊರಡುವವನೂ 'ಬರ್ತೇನೆ' ಎಂದೇ ಹೊರಡಬೇಕು.

"ಅಭ್ಯಾಸಬಲ ಮಾರಾಯ," ಎಂದು ನಗಿಸಲು ನೋಡಿದೆ. ಒಬ್ಬನೂ ನಗಲಿಲ್ಲ.

"ನಾನು ವಾಪಸು ಬಂದ ದಿನ ನೀವು ನನ್ನ ಬೆನ್ನು ತಟ್ಟಿದ್ರಿ ಸರ್. ಇನ್ನು ಕೂಟಕ್ಕೆ ಚಿಂತೆ ಇಲ್ಲ ಅಂದ್ರಿ." ದನಿಯಲ್ಲಿ ಆಕ್ಷೇಪವಿರಲಿಲ್ಲ. "ಅವತ್ತು ಅಮ್ಮ ಗೇಟಿನ ಹೊರಗೆ ನೆಲದಲ್ಲಿ ಕೂತು ಅಳ್ತಾ ಇದ್ರು. ಇನ್ನೊಮ್ಮೆ ನಾನು ಒಳಗೆ ಬಂದ್ರೆ ಅವರು ಉಳಿಯುವುದಿಲ್ಲ."

ಹೌದು, ತಟ್ಟಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ಒಬ್ಬ ಮನುಷ್ಯ ಜೈಲಿಗೆ ಮರಳಿದ್ದಕ್ಕೆ ಸಂತೋಷಪಟ್ಟಿದ್ದೆ. ಈಗ 'ಬಾ' ಎಂದ 'ಬಲ'ದಲ್ಲೂ ಇದ್ದದ್ದು ಬರೀ ಅಭ್ಯಾಸವೆಂದು ಎದೆ ಮುಟ್ಟಿ ಹೇಳಲಾರೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಗೇಟಿನಿಂದ ಕರೆ ಬಂತು. ಅವನು ಕದಲಲಿಲ್ಲ. ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.

"ಪೋಲ," ಅಂದೆ. "ಹೋಗು. ಕೂಟ ನೋಡ್ಲಿಕ್ಕೂ ಬರ್ಬೇಡ."

ಬಾಯಿತಪ್ಪಿ 'ಬರ್ತೇನೆ' ಎಂದುಬಿಟ್ಟೇನೆಂಬ ಹೆದರಿಕೆಗೆ ಅವನು ತುಟಿ ಕಚ್ಚಿ ಹಿಡಿದು, ಕೈ ಮಾತ್ರ ಮುಗಿದು, ಹೊರಟುಹೋದ.