ನಾಲ್ಕು ಕೋಣೆಗಳ ಪಾಠ ಮಾಡಿದ ಶಿವಗಂಗಾ ಅಕ್ಕೋರು

ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಕುಳಿತು ಅಕ್ಕೋರು ಅಗಲ ತಟ್ಟೆಯಂಥ ಒಂದು ಸ್ಟೀಲಿನ ಪರಾತವನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಒಮ್ಮೆ ತೊಳೆದು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ತಿಕ್ಕಿದರು. ಪ್ರಾರ್ಥನೆಯ ಗಂಟೆ ಇನ್ನೂ ಆಗಿರಲಿಲ್ಲ. ಪಕ್ಕದಲ್ಲಿ ಮುಚ್ಚಳ ಬಿಗಿದ ಡಬ್ಬಿಯೊಂದಿತ್ತು. ಬಿಸಿಯೂಟದ ಅಡಿಗೆಯವರು ಕೊಡ ತುಂಬಿಕೊಂಡು ಹೋದರು. ವರ್ಷಕ್ಕೆ ಒಂದು ದಿನ, ಶ್ರಾವಣ ಮಾಸದಲ್ಲಿ, ಈ ಕೆಲಸ ಹೀಗೆಯೇ ಮಾತಿಲ್ಲದೆ ಮುಗಿಯುತ್ತಿತ್ತು.

ಬಾಗಲಕೋಟೆ ಜಿಲ್ಲೆಯಲ್ಲಿ ವಿಜ್ಞಾನವನ್ನು ನಿಷ್ಠೆಯಿಂದ ಕಲಿಸಿದ ಗುರುಗಳು ಬಹಳ ಜನ ಇದ್ದಾರೆ. ಆದರೆ ಪ್ರಾಣಿಗಳ ವರ್ಗೀಕರಣವನ್ನೂ ದೇಹದೊಳಗಿನ ವ್ಯವಸ್ಥೆಗಳನ್ನೂ ಪುಸ್ತಕದಿಂದ ಇಳಿಸಿ ಹುಡುಗಿಯರ ಕಣ್ಣೆದುರು ಮೇಜಿನ ಮೇಲೆ ತಂದಿಟ್ಟವರನ್ನು ನೆನೆಯುವಾಗ, ಈ ವರ್ಷ ಇಳಕಲ್ಲಿನಲ್ಲಿ ಸೇವಾನಿವೃತ್ತಿ ಹೊಂದುತ್ತಿರುವ ಶಿವಗಂಗಾ ಹಿರೇಮಠ ಅವರ ಹೆಸರು ಮೊದಲಿಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಏನೇ ಇರಲಿ, ಕಲಿತವರಿಗೂ ಕಲಿಯದೆ ಬಿಟ್ಟವರಿಗೂ ಅವರು ಅಕ್ಕೋರೇ.

ಅವರ ಸೇವೆ ಆರಂಭವಾದದ್ದು ಕೆರೂರಿನ ಸಮೀಪದ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿ ಮೊದಲನೆಯ ದಿನವೇ ಅವರು ಪುಸ್ತಕ ಮುಚ್ಚಿಟ್ಟು, ಗೊತ್ತಿದ್ದ ಪ್ರಾಣಿಗಳನ್ನೆಲ್ಲ ವಿಂಗಡಿಸಿ ಹೇಳಲು ಮಕ್ಕಳನ್ನು ಕೇಳಿದರು. ಒಬ್ಬಳು ಕೊಂಬಿನವು, ಕೊಂಬಿಲ್ಲದವು ಎಂದಳು. ಇನ್ನೊಬ್ಬಳು ತಿನ್ನುವವು, ತಿನ್ನದವು ಎಂದಳು. ಮತ್ತೊಬ್ಬಳು ಮನೆಯೊಳಗೆ ಬರುವವು, ಅಂಗಳದಲ್ಲೇ ನಿಲ್ಲುವವು ಎಂದು ಬೆಕ್ಕು, ಹಲ್ಲಿ, ಇಲಿಗಳನ್ನು ಒಂದೇ ಗುಂಪಿಗೆ ಸೇರಿಸಿದಳು. ಅಕ್ಕೋರು ಯಾವುದನ್ನೂ ತಪ್ಪೆನ್ನದೆ ಎಲ್ಲವನ್ನೂ ಹಲಗೆಯ ಮೇಲೆ ಬರೆದರು. ಆಮೇಲೆ ಕೇಳಿದರು: “ತಿನ್ನೂವು ಯಾವ್ಯಾವು ಅಂತ ನಿಮ್ಮ ಮನಿಯಾಗ ಒಂದು ಹೇಳ್ತಾರ, ಬಾಜೂ ಮನಿಯಾಗ ಇನ್ನೊಂದು ಹೇಳ್ತಾರ. ಮನಿ ಬದಲಾದ್ರೂ ಬದಲಾಗದ್ದು ಏನೈತಿ ಹೇಳ್ರಿ?” ಹಾಗೆ ಕೇಳಿದವರೇ, “ಮುಂದ ಕುಂತಾಕಿ ಬೆನ್ನ ಮ್ಯಾಲ ಕೈ ಆಡಸ್ರಿ,” ಎಂದರು. ತರಗತಿಯ ತುಂಬ ಕಚಗುಳಿಯ ಕಿಲಕಿಲ ಎದ್ದಿತು. ಬೆನ್ನೆಲುಬು ಎಂಬುದು ಆ ಮಕ್ಕಳಿಗೆ ಹೀಗೆ ಬೆರಳಿನಿಂದ ತಿಳಿಯಿತು. ಮೀನು, ಕಪ್ಪೆ, ಹಲ್ಲಿ, ಗುಬ್ಬಿ, ಕುರಿ, ಜೊತೆಗೆ ತಾವು, ಎಲ್ಲ ಒಂದೇ ಗುಂಪು ಎಂದು ಗೊತ್ತಾಯಿತು. ಬಾದಾಮಿಯ ಗುಹೆಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿ ಹಕ್ಕಿಯಲ್ಲ, ಮರಿಗೆ ಮೊಲೆಯೂಡಿಸುವುದರಿಂದ ಅದು ನಮ್ಮ ಬಳಗವೇ ಎಂದಾಗ ಮಾತ್ರ ಒಬ್ಬ ಹುಡುಗಿ ಒಪ್ಪದೆ ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ.

ಆ ಶಾಲೆಯಲ್ಲಿ ಹೃದಯದ ಒಂದೇ ಒಂದು ಹಳೆಯ ಪಟವಿತ್ತು. ಅರ್ಧಕ್ಕೆ ಕೆಂಪು ಬಣ್ಣ, ಅರ್ಧಕ್ಕೆ ನೀಲಿ. ಪರೀಕ್ಷೆಯಲ್ಲಿ ಒಬ್ಬ ಜಾಣ ಹುಡುಗಿ, ಮನುಷ್ಯನ ಹೃದಯದ ಒಂದು ಭಾಗ ಕೆಂಪಗೂ ಇನ್ನೊಂದು ಭಾಗ ನೀಲಿಯಾಗಿಯೂ ಇರುತ್ತದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಅಕ್ಕೋರು ಆ ಉತ್ತರಕ್ಕೆ ಅಂಕ ಕೊಡಲೂ ಆಗದೆ ಕಳೆಯಲೂ ಆಗದೆ ಬಹಳ ಹೊತ್ತು ಕುಳಿತರು. ತಪ್ಪು ಹುಡುಗಿಯದಲ್ಲ, ಪಟವನ್ನೇ ಹೃದಯ ಎಂದು ತೋರಿಸಿದ ತಮ್ಮದು ಎಂದು ಅವರಿಗೆ ಅನ್ನಿಸಿತು. ತಮ್ಮ ಕೈಕೆಳಗೆ ಕಲಿತ ಪ್ರತಿಯೊಬ್ಬ ಹುಡುಗಿಯೂ ಶಾಲೆ ಬಿಡುವುದರೊಳಗೆ ಒಮ್ಮೆಯಾದರೂ ನಿಜವಾದ ಹೃದಯವನ್ನು ನೋಡಬೇಕು ಎಂದು ಅಂದೇ ನಿಶ್ಚಯಿಸಿದರು.

ನಿಶ್ಚಯ ಸುಲಭ, ನಡೆಸುವುದು ಕಷ್ಟ. ಅಕ್ಕೋರದು ಮಾಂಸ ಮುಟ್ಟದ ಜಂಗಮರ ಮನೆತನ. ಶ್ರಾವಣದ ಸೋಮವಾರ ಭಕ್ತರು ಅಂಥವರನ್ನು ಮನೆಗೆ ಕರೆದು, ಪಾದಪೂಜೆ ಮಾಡಿ ಊಟಕ್ಕಿಡುವುದು ನಮ್ಮ ಕಡೆಯ ವಾಡಿಕೆ. ಪಾಠದ ವೇಳಾಪಟ್ಟಿಯಲ್ಲಿ ಹೃದಯ ಬರುತ್ತಿದ್ದುದೂ ಸರಿಯಾಗಿ ಶ್ರಾವಣದಲ್ಲಿಯೇ. ಆಮೇಲೆ ವರ್ಗವಾಗಿ ಹೋದ ಹುನಗುಂದದಲ್ಲಿದ್ದಷ್ಟು ಕಾಲವೂ ಅವರಿಗೆ ಧೈರ್ಯ ಸಾಲಲಿಲ್ಲ. ಇಳಕಲ್ಲಿಗೆ ವರ್ಗವಾಗಿ ಬಂದ ವರ್ಷ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ಮಲೀಕಸಾಬರ ಮಟನ್ ಅಂಗಡಿಯ ಮುಂದೆ ನಿಂತರು.

ಮಲೀಕಸಾಬರು ಗಾಬರಿಯಾಗಿ ಎದ್ದು ನಿಂತು, “ಅಕ್ಕೋರ, ಹಾದಿ ತಪ್ಪಿ ಬಂದೀರೇನ್ರಿ? ಕಾಯಿಪಲ್ಲೆ ಪ್ಯಾಟಿ ಆ ಕಡೆ ಐತ್ರಿ,” ಎಂದರು.

“ತಪ್ಪಿಲ್ರಿ ಸಾಬರ. ಒಂದು ಕುರಿ ಗುಂಡಿಗಿ ಬೇಕಿತ್ತು.”

“ಎಷ್ಟು ಮಂದೀಗ್ರಿ?”

“ನಲವತ್ತು ಮಂದೀಗೆ.”

“ಒಂದು ಗುಂಡಿಗ್ಯಾಗ ನಲವತ್ತು ಮಂದಿ ಹ್ಯಾಂಗ ಉಣ್ತಾರ್ರಿ ತಾಯಿ?”

“ಉಣ್ಣಾಕಲ್ರಿ, ನೋಡಾಕ.”

ಮಲೀಕಸಾಬರಿಗೆ ಏನು ತಿಳಿಯಿತೋ ಏನೋ, ಅಯ್ಯನವರ ಮನೆಯವರು ಬಂದಿದ್ದಾರೆಂಬ ಮರ್ಯಾದೆಗೆ ಎಳೆಯ ಕುರಿಯದನ್ನು ಆರಿಸಿ, ಚೊಕ್ಕಟವಾಗಿ ತೊಳೆದು, ಅಂದವಾಗಿ ಸಣ್ಣ ಸಣ್ಣ ತುಂಡು ಮಾಡಿ ಡಬ್ಬಿ ತುಂಬಿಸಿ ಕೊಟ್ಟರು. ಶಾಲೆಯಲ್ಲಿ ಮುಚ್ಚಳ ತೆಗೆದಾಗ ಅಲ್ಲಿ ಹೃದಯದ ಕೋಣೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಅಕ್ಕೋರು ಮರುದಿನ ಮತ್ತೆ ಹೋಗಿ, ಇಡಿಯಾಗಿಯೇ ಬೇಕು, ಮೇಲಿನ ನಳಿಗೆಗಳನ್ನು ಉದ್ದವಾಗಿ ಬಿಟ್ಟು ಕೊಡಬೇಕು ಎಂದು ಬಿಡಿಸಿ ಹೇಳಿದರು. ಒಂದು ಮಾತನ್ನೂ ತೆಗೆದುಕೊಂಡರು: ಯಾಕೆ ಬೇಕು ಎಂಬುದನ್ನು ಯಾರಿಗೂ ಹೇಳಬಾರದು. ಶಾಲೆಯೊಳಗೆ ಮಾಂಸ ಬಂತೆಂದು ನಾಲ್ಕು ಜನ ತಕರಾರು ತೆಗೆದರೆ ಪಾಠವೇ ನಿಂತುಹೋದೀತೆಂಬ ಭಯ ಅವರದು. ಮುಖ್ಯಗುರುಗಳಿಗೆ ಮಾತ್ರ ಮೊದಲೇ ತಿಳಿಸಿದರು. ಅವರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸುತ್ತ, “ಆ ದಿವಸ ನನಗ ಹುನಗುಂದದಾಗ ಮೀಟಿಂಗ್ ಇರ್ತೈತ್ರಿ,” ಎಂದರು. ಯಾವ ದಿವಸ ಎಂದು ಅಕ್ಕೋರು ಇನ್ನೂ ಹೇಳಿರಲೇ ಇಲ್ಲ. ಮುಂದೆ ಪ್ರತಿ ಶ್ರಾವಣದಲ್ಲಿಯೂ ಆ ಮೀಟಿಂಗು ತಪ್ಪಲಿಲ್ಲ.

ನೋಡಲೇಬೇಕೆಂದು ಅವರು ಯಾವ ಹುಡುಗಿಗೂ ಬಲವಂತ ಮಾಡಲಿಲ್ಲ. ಬೇಡವೆಂದವರು ಹೊರಗೆ ಬೇವಿನ ಮರದ ಕೆಳಗೆ ಕೂರಬಹುದಿತ್ತು. ಹಾಗೆ ಹೋದವರೂ ಸ್ವಲ್ಪ ಹೊತ್ತು ಕೂತು, ಆಮೇಲೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ನಾಚಿಕೆಯೆಂದು ಎಲ್ಲೆಡೆ ಹಾರಿಸಿಬಿಡುವ ಅಧ್ಯಾಯವನ್ನೂ ಅಕ್ಕೋರು ಹಾರಿಸಲಿಲ್ಲ. ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಹುಡುಗಿಯರನ್ನು ಬದಿಗೆ ಕರೆದು, ದೇಹದೊಳಗೆ ಏನು ನಡೆಯುತ್ತಿದೆ ಎಂದು ಹೇಳಿ, ಮನೆಗೆ ಕಳಿಸುವ ಮುನ್ನ ಬಿಸಿನೀರು ಕುಡಿಸುತ್ತಿದ್ದರು. ಮಲೀಕಸಾಬರ ಮಗಳು ಮುಬಶೀರಾ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಳು. ಯಾಕೆ ಬಿಟ್ಟೆ ಎಂದು ಅಕ್ಕೋರು ಗದರಲಿಲ್ಲ. “ಶ್ರಾವಣದಾಗ ಒಂದು ದಿವಸ ಬಂದು ಕೂಡು. ಹಾಜರಿ ಯಾರೂ ಕೇಳಂಗಿಲ್ಲ,” ಎಂದರು. ಅವಳು ಪ್ರತಿ ವರ್ಷವೂ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು.

ಪಾಠ ನಿಲ್ಲಬಾರದೆಂದು ಹುಡುಗಿಯರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕಾರಣ ಗುಟ್ಟಾಗಿ ಉಳಿಯಿತು, ಡಬ್ಬಿ ಉಳಿಯಲಿಲ್ಲ. ಜಂಗಮರ ಹೆಣ್ಣುಮಗಳು ಶ್ರಾವಣದಲ್ಲಿ ಮಟನ್ ಅಂಗಡಿಯಿಂದ ಡಬ್ಬಿ ಒಯ್ಯುತ್ತಾಳೆಂದರೆ ಊರು ಮಾಡಿಕೊಳ್ಳುವ ಅರ್ಥ ಒಂದೇ. ಓಣಿಯ ಮನೆಗಳಿಂದ ಸೋಮವಾರದ ಊಟದ ಕರೆ ಒಂದೊಂದಾಗಿ ನಿಂತಿತು. ನೀರು ತುಂಬುವಲ್ಲಿ ಒಬ್ಬಾಕೆ, “ಅಕ್ಕೋರ ಮನಿಯಾಗ ಈಗ ಮಸಾಲಿ ಹೆಚ್ಚಿಗಿ ಅರೀತಾರಂತ,” ಎಂದು ಕೇಳುವಂತೆಯೇ ಆಡಿದಳು. ಒಂದು ಮಾತು ಬಿಚ್ಚಿ ಹೇಳಿದ್ದರೆ ಹೆಸರು ಉಳಿಯುತ್ತಿತ್ತು, ಆದರೆ ಪಾಠ ಹೋಗುತ್ತಿತ್ತು. ಅಕ್ಕೋರು ಕೊಡ ಎತ್ತಿಕೊಂಡು ಮನೆಗೆ ಬಂದರು.

ಮಾತು ಬಸ್ಸು ಹತ್ತಿ ಹುನಗುಂದ ದಾಟಿ, ಬಾದಾಮಿ ಮುಟ್ಟಿ, ಶಿವಯೋಗ ಮಂದಿರದ ಹತ್ತಿರ ಮಗನ ಮನೆಯಲ್ಲಿದ್ದ ಅಕ್ಕೋರ ತಾಯಿ ಸಂಗವ್ವನವರ ಕಿವಿಗೂ ಬಿತ್ತು. ಕೆಲವು ವರ್ಷಗಳ ಹಿಂದಿನ ಶ್ರಾವಣದಲ್ಲಿ ಆ ಹಿರಿಯ ಜೀವ ಹೇಳದೆ ಕೇಳದೆ ಇಳಕಲ್ಲಿಗೆ ಬಂದಿಳಿಯಿತು. ಚೀಲದಲ್ಲಿ ತಮ್ಮದೇ ಹಿಟ್ಟು, ತಮ್ಮದೇ ತಂಬಿಗೆ. ಮಗಳ ಕೈಯಿಂದ ನೀರನ್ನೂ ತೆಗೆದುಕೊಳ್ಳದೆ, ಪಡಸಾಲೆಯ ಮೂಲೆಯಲ್ಲಿ ತಾವೇ ರೊಟ್ಟಿ ಬಡಿದು ಉಂಡರು. ಊರು ಆಡಿದ್ದನ್ನೆಲ್ಲ ತಡೆದುಕೊಂಡಿದ್ದ ಅಕ್ಕೋರಿಗೆ ಆ ರೊಟ್ಟಿಯ ಸಪ್ಪಳ ತಡೆಯಲಾಗಲಿಲ್ಲ.

“ಅವ್ವಾ, ನಾ ತಿಂದಿಲ್ಲ.”

“ಮತ್ತ ಆ ಅಂಗಡಿಗೆ ಯಾಕ ಹೊಕ್ಕೀ?”

“ಮಕ್ಕಳಿಗೆ ತೋರಸಾಕ. ಒಳಗ ಹ್ಯಾಂಗ ಐತಿ ಅಂತ.”

“ಕೈಲೆ ಮುಟ್ಟತೀ?”

“ಮುಟ್ಟತೇನಿ.”

ಸಂಗವ್ವನವರು, “ನಾ ಕಣ್ಣಿಲೆ ನೋಡಬೇಕು,” ಎಂದರು. ಅವರು ಬಂದು ಬೇಡವೆಂದರೆ ಮುಗಿಯಿತು. ತಾಯಿಯ ಮಾತು ಮೀರಿ ಮತ್ತೊಮ್ಮೆ ಆ ಅಂಗಡಿಯ ಮೆಟ್ಟಿಲು ಹತ್ತುವ ಶಕ್ತಿ ತಮಗಿಲ್ಲವೆಂದು ಅಕ್ಕೋರಿಗೆ ಗೊತ್ತಿತ್ತು. ಆದರೂ ಕರೆದುಕೊಂಡು ಹೋದರು.

ಸಂಗವ್ವನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ, ಮುಬಶೀರಾಳ ಪಕ್ಕದಲ್ಲಿ ಕುಳಿತರು. ಅಕ್ಕೋರು ಪಾಠ ಆರಂಭಿಸಿದರು. ಮೀನಿನ ಹೃದಯಕ್ಕೆ ಎರಡೇ ಕೋಣೆ, ಕಪ್ಪೆಗೆ ಮೂರು ಎಂದರು. “ಹಲ್ಲೀದೂ ಮೂರ, ಆದ್ರ ನಡುವಿನ ಗ್ವಾಡಿ ಅರ್ಧಾ ಕಟ್ಟಿ ಬಿಟ್ಟಂಗ ಐತಿ. ಹಕ್ಕಿಗೆ ನಾಕು, ಕುರಿಗೆ ನಾಕು, ನಮಗೂ ನಾಕು.” ಪರಾತದಲ್ಲಿದ್ದ ಹೃದಯ ಮುಷ್ಟಿಯಷ್ಟೇ ಇತ್ತು. ಅದರ ದಪ್ಪನೆಯ ನಳಿಗೆಯ ಬಾಯಿ ಬಿಡಿಸಿ ಹಿಡಿದು, ಮೇಲಿನಿಂದ ನೀರು ಸುರಿದರು. ನೀರು ಒಳಗಿಳಿದು, ಕೆಳಗಿನ ಕೋಣೆಗೆ ಹೋಗದೆ, ನಳಿಗೆಯಲ್ಲೇ ನಿಂತಿತು. ತೆಳುವಾದ ಮೂರು ಕದಗಳು ಒಂದಕ್ಕೊಂದು ಆತುಕೊಂಡದ್ದು ಮುಂದೆ ಬಂದು ಬಗ್ಗಿದವರಿಗೆಲ್ಲ ಕಾಣಿಸಿತು. ಸಂಗವ್ವನವರೂ ಮುಬಶೀರಾಳ ಜೊತೆ ಎದ್ದು ಬಂದು ಬಗ್ಗಿದ್ದರು.

“ಆ ಬಾಗಲಾ ಯಾರು ಮುಚ್ಚಿದ್ರು?” ಎಂದು ಕೇಳಿದರು.

“ಯಾರೂ ಮುಚ್ಚಿಲ್ಲವ್ವಾ. ನೀರಿನ ಭಾರಕ್ಕ ತಾನ ಮುಚ್ಚಿಕೋತೈತಿ. ರಕ್ತ ಹಿಂದಕ್ಕ ಬರಬಾರದಲ್ಲ.”

“ನನ್ನ ಎದಿಯಾಗೂ ಹಿಂಗ ಐತಿ?”

“ಹಿಂಗ ಐತಿ.”

“ಕುರಿಗೂ ನಾಕು ಖೋಲಿ, ನನಗೂ ನಾಕ?”

“ಪಾಲಿನ್ಯಾಗ ಮೋಸ ಆಗಿಲ್ರಿ ಅಜ್ಜಿ!” ಎಂದಳು ಕಿಟಕಿಯಲ್ಲಿ ನಿಂತಿದ್ದ ಒಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು. ಸಂಗವ್ವನವರು ನಗಲಿಲ್ಲ. ಆದರೆ ಮೂಗಿನ ಮೇಲಿನ ಸೆರಗು ಯಾವಾಗಲೋ ಜಾರಿತ್ತು, ಅವರ ಕೈ ಮುಬಶೀರಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಪಾಠ ಮುಗಿದ ಮೇಲೆ ಅಕ್ಕೋರು ಕೈ ತೊಳೆಯಲು ಹೊರಟರೆ ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ಸಂಗವ್ವನವರು ತಮ್ಮ ತಂಬಿಗೆಯನ್ನು ತಂದು, ಮಗಳ ಎರಡೂ ಕೈಗಳ ಮೇಲೆ ನಿಧಾನವಾಗಿ ನೀರು ಹಾಕಿದರು. “ಮನಿಗೆ ನಡಿ. ಜಳಕಾ ಮಾಡಿ ರೊಟ್ಟಿ ನೀನ ಬಡಿ. ನನ್ನ ರಟ್ಟಿ ಸೋತಾವು,” ಎಂದರು.

ಗುಟ್ಟನ್ನು ಒಡೆದವರು ಸಂಗವ್ವನವರೇ. ಮರಳಿ ಹೋಗುವಾಗ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ, “ನನ್ನ ಮಗಳು ಕುರಿ ತಿನ್ನಾಂಗಿಲ್ರಿ, ಮಕ್ಕಳಿಗೆ ಓದಸ್ತಾಳ. ನಿಮ್ಮ ಎದಿಯಾಗ ಎಷ್ಟು ಖೋಲಿ ಅದಾವು ಗೊತ್ತೈತೇನು?” ಎಂದು ಕೇಳುತ್ತ ಹೋದರು. ತಕರಾರು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಅಕ್ಕೋರು ಕಾದರು. ಬರಲಿಲ್ಲ. ಬಂದದ್ದು ಸೋಮವಾರದ ಊಟದ ಕರೆಗಳು. ಮುಂದಿನ ವರ್ಷ ಮುಖ್ಯಗುರುಗಳ ಮೀಟಿಂಗೂ ರದ್ದಾಯಿತು. ಅವರು ಮುಂದಿನ ಬೆಂಚಿನಲ್ಲಿ ಕುಳಿತು, ಕಣ್ಣನ್ನು ಅರ್ಧ ಮುಚ್ಚಿಕೊಂಡು, ಪೂರ್ತಿ ಪಾಠ ಕೇಳಿದರು.

ಈಗ ಶಾಲೆಗೆ ದೊಡ್ಡ ಪರದೆ ಬಂದಿದೆ. ಅದರಲ್ಲಿ ಹೃದಯ ಬಾಗಿಲಿನಷ್ಟು ದೊಡ್ಡದಾಗಿ ಬಡಿದುಕೊಳ್ಳುತ್ತದೆ, ಅರ್ಧ ಕೆಂಪಾಗಿ, ಅರ್ಧ ನೀಲಿಯಾಗಿ. ಅಕ್ಕೋರು ಅದನ್ನೂ ತೋರಿಸುತ್ತಿದ್ದರು, ಆಮೇಲೆ ಪರಾತವನ್ನು ಮೇಜಿನ ಮೇಲೆ ಇಡುತ್ತಿದ್ದರು.

ಅಕ್ಕೋರ ಎದೆಯ ಆ ಸಣ್ಣ ಕದಗಳು ಇನ್ನೂ ಬಹುಕಾಲ ತಮ್ಮ ಪಾಡಿಗೆ ತಾವು ತೆರೆದು ಮುಚ್ಚುತ್ತಿರಲಿ, ಕಲಿಸುವ ಕೈಗೆ ಬಿಡುವು ಬೇಡವಾಗಿರಲಿ ಎಂದು ಅವರಿಂದ ಕಲಿತವರೆಲ್ಲರೂ ಹಾರೈಸುತ್ತಾರೆ. ಬೀಳ್ಕೊಡುಗೆಗೆ ಒಂದು ಒಳ್ಳೆಯ ಇಳಕಲ್ ಸೀರೆ ಕೊಡಬೇಕೆಂದು ಶಿಕ್ಷಕರೆಲ್ಲ ಸೇರಿ ಅವರಿಗೆ ಯಾವ ಬಣ್ಣ ಆದೀತೆಂದು ಕೇಳಿದ್ದರು. ಅಕ್ಕೋರು ಆಗ ಹೇಳಿದ್ದು ಇಷ್ಟು:

“ಸೀರಿ ಬ್ಯಾಡ್ರಿ. ಮುಂದಿನ ಶ್ರಾವಣದಾಗ ನಿಮ್ಮೊಳಗ ಯಾರರ ಒಬ್ಬರು ಮಲೀಕಸಾಬರ ಅಂಗಡಿಗೆ ಹೋಗಿ ಬರ್ರಿ.”