ಕಟಕಟೆಯಿಂದ ಇಳಿಯದ ಜಡೆಪ್ಪ

ಕುರುಗೋಡಿನ ಜಡೆಪ್ಪನನ್ನು ಊರವರು ಸಾಕ್ಷಿ ಜಡೆಪ್ಪ ಎಂದೇ ಕರೆಯುತ್ತಿದ್ದರು. ಸಿರುಗುಪ್ಪದ ಸೋದರಮಾವನ ಹೊಲದ ಬದುವಿನ ವ್ಯಾಜ್ಯದಲ್ಲಿ ಅವನು ಒಂದೇ ಒಂದು ಸಲ ಬಳ್ಳಾರಿ ಕೋರ್ಟಿನ ಕಟಕಟೆ ಹತ್ತಿದ್ದ. ಹತ್ತಿದವನು ಮನಸ್ಸಿನಲ್ಲಿ ಇಳಿಯಲೇ ಇಲ್ಲ. ಸಂತೆಯಲ್ಲಿ ಯಾರಾದರೂ ಬದನೆಕಾಯಿ ಬೆಲೆ ಕೇಳಿದರೂ ಗಂಟಲು ಸರಿಮಾಡಿಕೊಂಡು, ಯೋಚಿಸಿ ಉತ್ತರಿಸುತ್ತಿದ್ದ. ವಕೀಲರು ಕಲಿಸಿದ್ದೇ ಅವನಿಗೆ ವೇದ: ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು, ಇಕ್ಕಟ್ಟಿನ ಪ್ರಶ್ನೆ ಬಂದರೆ ಗೊತ್ತಿಲ್ಲ ಎನ್ನಬೇಕು. ಆ ಕೇಸಿನಲ್ಲಿ ಮಾವ ಸೋತ. ಆ ಮಾತನ್ನು ಜಡೆಪ್ಪ ಎತ್ತುತ್ತಿರಲಿಲ್ಲ, ನಾವೂ ಎತ್ತುವುದು ಬೇಡ.

ಸ್ವಾತಂತ್ರ್ಯ ಬಂದ ಮರುವರ್ಷ ಶಾಲೆಯ ಅಯ್ಯಣ್ಣ ಮೇಷ್ಟ್ರು ಹೇಳಿಕಳಿಸಿದರು: ನಿನ್ನ ಮಗಳು ಊರಮ್ಮನ ವಿಷಯ ಮಾತಾಡಬೇಕು, ಗುರುವಾರ ಬಾ. ಜಡೆಪ್ಪನಿಗೆ ಅದು ಕೋರ್ಟಿನ ಸಮನ್ಸಿನಂತೆಯೇ ಕೇಳಿಸಿತು. ಕೋರ್ಟಿಗೆ ಹೋದ ದಿನ ಅವನು ಬಳ್ಳಾರಿಯ ಬೀದಿಯಲ್ಲಿ ಒಬ್ಬ ಟೀಚರಮ್ಮ ಕೊಡೆ ಹಿಡಿದು ಬರುವುದನ್ನೂ, ಜಟಕಾದವನು ಕುದುರೆ ತಡೆದು ಆಕೆಗೆ ದಾರಿ ಬಿಟ್ಟದ್ದನ್ನೂ ಕಂಡಿದ್ದ. ಊರಮ್ಮ ಹಾಗಾಗಬೇಕೆಂಬುದೊಂದೇ ಅವನ ಆಸೆ. ಮೇಷ್ಟ್ರು ಈಗ ಅವಳನ್ನು ಶಾಲೆಯಿಂದ ಬಿಡಿಸಿದರೆ, ಹೆಣ್ಣಿಗೆ ಓದು ಯಾಕೆಂದು ಗೊಣಗುತ್ತಲೇ ಇದ್ದ ಅವನ ಅವ್ವ ಮೂಕಮ್ಮ ಮರುದಿನವೇ ಗಂಡು ಹುಡುಕಲು ಹೊರಡುವವಳು.

ಏನು ಸಂಗತಿಯೆಂದು ಕೂಸನ್ನೇ ಕೇಳಿದರಾಯಿತಲ್ಲ ಎಂದಳು ಹೆಂಡತಿ ಗಂಗಕ್ಕ. ವಿಚಾರಣೆಗೆ ಮುಂಚೆ ಸಾಕ್ಷಿ ಆರೋಪಿಯ ಜೊತೆ ಮಾತಾಡಕೂಡದು ಎಂದು ಜಡೆಪ್ಪ ಅವಳ ಬಾಯಿ ಮುಚ್ಚಿಸಿದ. ಅಂದಿನಿಂದ ಮಗಳು ಎದುರಾದರೆ ಮುಖ ತಿರುಗಿಸಿಕೊಂಡು ಓಡಾಡಿದ.

ಅಂಗಳದಲ್ಲಿ ತಾಲೀಮು ಶುರುವಾಯಿತು. ಪಕ್ಕದ ಮನೆಯ ಸುಂಕಣ್ಣ ವಕೀಲರ ಕೋಟಿನ ಬದಲು ಕರಿ ಕಂಬಳಿ ಹೊದ್ದು, ಒರಳಿನ ಮೇಲೆ ಕೂತು ಪಾಟೀ ಸವಾಲು ಹಾಕಿದ. ಮಗಳು ಮಗ್ಗಿ ಯಾಕೆ ತಪ್ಪಿದಳು? ಗೊತ್ತಿಲ್ಲ. ಸ್ಲೇಟು ಯಾರು ಒಡೆದರು? ಗೊತ್ತಿಲ್ಲ. ಒರಳಿನ ಅಧಿಕಾರ ಸುಂಕಣ್ಣನ ನೆತ್ತಿಗೇರಿ, ಹೋದ ಸುಗ್ಗಿಯಲ್ಲಿ ತನ್ನ ಹುಂಜವನ್ನು ತಿಂದವರು ಯಾರೆಂದೂ ಕೇಳಿಬಿಟ್ಟ. ಜಡೆಪ್ಪ ಅದಕ್ಕೂ ಕಣ್ಣು ಮಿಟುಕಿಸದೆ ಗೊತ್ತಿಲ್ಲ ಎಂದ. ಒಳಗಿದ್ದ ಗಂಗಕ್ಕನಿಗೆ ಮಾತ್ರ ಕೆಮ್ಮು ಬಂತು.

ಗುರುವಾರ ಜಡೆಪ್ಪ ಬಿಳಿ ರುಮಾಲು ಸುತ್ತಿ, ಮಗಳ ನಡತೆಗೆ ಸಾಕ್ಷಿಯಾಗಿ ಸುಂಕಣ್ಣನನ್ನು ಕರೆದುಕೊಂಡು ಶಾಲೆಗೆ ಹೋದ. ಮಕ್ಕಳೆಲ್ಲ ನೋಡುತ್ತಿದ್ದರು. ಮೇಷ್ಟ್ರು ಕೂರು ಎಂದರು, ಕೂರಲಿಲ್ಲ. ಮೇಜಿನ ಅಂಚು ಹಿಡಿದು, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ.

ಊರಮ್ಮ ಮನೆಯಲ್ಲಿ ತಲೆನೋವೆನ್ನುತ್ತಾಳೆಯೇ ಎಂದು ಅವರು ಕೇಳಿದರು. ಗೊತ್ತಿಲ್ರಿ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾಳೆಯೇ? ಗೊತ್ತಿಲ್ರಿ. ನಡೆಯುವಾಗ ಎಡವುತ್ತಾಳೆಯೇ? ಇಲ್ಲಿ ಸುಂಕಣ್ಣ ಮುಂದೆ ಬಂದು, ಆ ಮನೆತನದಲ್ಲಿ ಎಡವಿದವರೇ ಇಲ್ಲ ಎಂದು ಸಾಕ್ಷಿ ನುಡಿದ.

ಮೇಷ್ಟ್ರಿಗೆ ತಾಳ್ಮೆ ಕೆಟ್ಟಿತು. "ಬಾಯಿಲೆ ಹೇಳಿಕೊಟ್ರ ಎಲ್ಲಾ ಒಪ್ಪಸ್ತಾಳ. ಬೋರ್ಡ್ ಮ್ಯಾಲಿಂದು ಒಂದಕ್ಷರ ಬರಕೊಳ್ಳಂಗಿಲ್ಲ. ನಿನ್ನ ಮಗಳಿಗೆ ಕಣ್ಣು ಕಾಣತಾವೇನಪ್ಪ?"

ಜಡೆಪ್ಪ ಬಾಯಿ ತೆರೆದ. ಈ ಸಲ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೇಜು ಬಿಟ್ಟು, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತ ಮಗಳ ಕಡೆ ತಿರುಗಿದ.

"ನಾ ನಿನಗ ಕಾಣತೀನೇನವ್ವ?"

"ರುಮಾಲು ಬೆಳ್ಳಗ ಕಾಣತೈತಪ್ಪ. ಮಾರಿ ಕಾಣಂಗಿಲ್ಲ," ಎಂದಳು ಊರಮ್ಮ. "ನಾಕ್ ದಿನಾತು ನೀ ಮಾತೂ ಆಡಿಲ್ಲ. ಮನ್ಯಾಗ ಅದಿಯೋ ಇಲ್ಲೋ ಅಂತ ನನಗ ತಿಳೀಲಿಲ್ಲ."

ಜಡೆಪ್ಪನಿಗೆ ದುಃಖ ಉಕ್ಕಿ ಬಂತು. ಅಷ್ಟು ಮಕ್ಕಳ ಎದುರೇ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಮರುದಿನ ಬೆಳಿಗ್ಗೆ ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೊರಟ ಗಾಡಿಯಲ್ಲಿ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡ. ಆ ಗುಡ್ಡ ಕಾಣತೈತೇನು, ಆ ಬೇವಿನ ಮರ ಕಾಣತೈತೇನು ಎಂದು ದಾರಿಯುದ್ದಕ್ಕೂ ಕೇಳಿದ. ಅವಳು ಇಲ್ಲವೆಂದದ್ದನ್ನೆಲ್ಲ, ಅದು ಹೇಗಿದೆಯೆಂದು, ಬಾಯಿ ಒಣಗುವ ತನಕ ವಿವರಿಸುತ್ತ ಹೋದ.